ಜಪಾನಿನ ಬಾಲಿಕೆಯರ ಚಿತ್ರಕಥೆ ‘ವರ್ಸೇಲ್ಸಿನ ಗುಲಾಬಿ’

ಮಕ್ಕಳು ಪಠ್ಯಪುಸ್ತಕದ ಮರೆಯಲ್ಲಿಟ್ಟುಕೊಂಡು ಓದುವ ಪುಸ್ತಕಗಳ ವಿಷಯದಲ್ಲಿ ಉಪಾಧ್ಯಾಯ ವರ್ಗಕ್ಕೆ ಮೊದಲಿನಿಂದಲೂ ಒಂದು ತಾತ್ಸಾರವುಂಟು. ಪುಸ್ತಕದಲ್ಲಿ ಚಿತ್ರಗಳೇ ಹೆಚ್ಚಾಗಿದ್ದರೆ ಆ ತಾತ್ಸಾರ ಇಮ್ಮಡಿಯಾಗುತ್ತದೆ. ಹೆಣ್ಣುಮಕ್ಕಳಿಗೆಂದೇ ಅಚ್ಚಾದುದೆಂದು ತಿಳಿದರಂತೂ ಅದನ್ನು ತೆರೆದು ನೋಡುವ ಶ್ರಮವನ್ನು ಸಹ ನಾವು ತೆಗೆದುಕೊಳ್ಳುವುದಿಲ್ಲ. ಪ್ರಕೃತ ನಾವು ಪರಿಚಯಿಸಲು ಹೊರಟಿರುವ ಕೃತಿಯಾದರೋ ಈ ಎಲ್ಲ ಲಕ್ಷಣಗಳನ್ನೂ ಪಡೆದು ಹುಟ್ಟಿದುದು. ಅದು ಚಿತ್ರಕಥೆ, ಹುಡುಗಿಯರ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದುದು, ಓದಿ ಎಸೆಯುವ ಅಗ್ಗದ ಕಾಗದದ ಮೇಲೆ ಅಚ್ಚಾದುದು. ಆದರೆ ಅದರ ವಸ್ತು ಫ್ರಾನ್ಸಿನ ಮಹಾಕ್ರಾಂತಿ. ಬರೆಯಲು ಕೈಹಾಕಿದಾಗ ಅದರ ಕರ್ತೃವಿಗೆ ಇಪ್ಪತ್ತನಾಲ್ಕು ವರ್ಷ. ಆಕೆಯ ಹೆಸರು ರಿಯೋಕೊ ಇಕೇದಾ. ಕೃತಿಯ ಹೆಸರು ‘ಬೆರುಸಾಯು ನೊ ಬಾರಾ’, ಎಂದರೆ ‘ವರ್ಸೇಲ್ಸಿನ ಗುಲಾಬಿ’. ೧೯೭೨ರ ಮೇ ತಿಂಗಳಿನಿಂದ ೧೯೭೩ರ ಡಿಸೆಂಬರಿನವರೆಗೆ, ಎಂಬತ್ತು ವಾರಗಳಿಗೂ ಮೇಲ್ಪಟ್ಟು, ಟೋಕಿಯೋದ ಶೂಯೇಶಾ ಪ್ರಕಾಶನದ ‘ಮಾರ್ಗರೆಟ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು.

ಜಪಾನಿನ ಸಾಹಿತ್ಯವೆಂದರೆ ಹಾಯ್ಕು ಪದ್ಯಗಳೂ ೧೯೬೮ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕವಾಬಾತಾ ಅವರ ಕಾದಂಬರಿಗಳೂ ನಮ್ಮ ನೆನಪಿಗೆ ಬರುತ್ತವೆ. ಅಲ್ಲಿಯ ಚಿತ್ರಕಥೆಗಳ ಕಡೆಗೆ ನಮ್ಮ ಗಮನ ಹರಿದುದು ತೀರ ಈಚೆಗೆ. ಆದುದರಿಂದ ಈ ಲೇಖನ ಬಲ್ಲವರಿಗಾಗಿ ಬರೆದುದಲ್ಲ. ನಮ್ಮಂತೆಯೇ ಹೊಸದಾಗಿ ಆ ಕಡೆ ಕಾಲಿಡುವ ಉಪಾಧ್ಯಾಯ ಮಿತ್ರರಿಗಾಗಿ ಬರೆದುದು.

ಮೊದಲು ಹೆಸರುಗಳನ್ನು ತಿಳಿದುಕೊಳ್ಳೋಣ. ‘ಮಂಗಾ’ ಎಂಬ ಮಾತು ತರಗತಿಯಲ್ಲಿ ಕೇಳಿಬಂದೊಡನೆ ಹಿಂದಿನ ಬೆಂಚಿನಲ್ಲಿ ನಗೆಯೇಳುವುದು ಖಂಡಿತ. ಆದರೆ ಆ ಪದಕ್ಕೂ ನಮ್ಮ ಮರ್ಕಟಕ್ಕೂ ಏನೂ ಸಂಬಂಧವಿಲ್ಲ. ಅದು ಚೀನೀ ಮೂಲದ ಎರಡು ಲಿಪಿಚಿಹ್ನೆಗಳ ಸಮಾಸ. ಮೊದಲನೆಯದಕ್ಕೆ ಕಟ್ಟುಪಾಡಿಲ್ಲದ, ಮನಬಂದಂತೆ ಹರಿಯುವ ಎಂಬ ಅರ್ಥ. ಎರಡನೆಯದಕ್ಕೆ ಚಿತ್ರ ಎಂಬ ಅರ್ಥ. ಪ್ರಸಿದ್ಧ ಚಿತ್ರಕಾರ ಹೊಕುಸಾಯ್ ೧೮೧೪ರಿಂದ ಪ್ರಕಟಿಸತೊಡಗಿದ ರೇಖಾಚಿತ್ರಗಳ ಸಂಪುಟಗಳಿಗೆ ಈ ಹೆಸರೇ ಇತ್ತು. ‘ಶೋಜೊ’ ಎಂದರೆ ಬಾಲಿಕೆ. ಮಗುವೂ ಅಲ್ಲದ, ಗೃಹಿಣಿಯೂ ಆಗದ, ಶಾಲೆಗೆ ಹೋಗುವ ಹುಡುಗಿ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಗಳು ಹೆಚ್ಚಿದಂತೆ ಆ ಹುಡುಗಿಯರಿಗೆಂದೇ ಪತ್ರಿಕೆಗಳು ಹುಟ್ಟಿದವು. ‘ಶೋಜೊ ನೊ ತೊಮೊ’, ಅಂದರೆ ‘ಬಾಲಿಕೆಯ ಗೆಳತಿ’, ೧೯೦೮ರಲ್ಲಿ ಪ್ರಾರಂಭವಾಯಿತು. ಅವುಗಳಲ್ಲಿ ಕಥೆ, ಕವಿತೆ, ಓದುಗರ ಪತ್ರಗಳು, ದೊಡ್ಡ ಕಣ್ಣಿನ ನೀಳ ಮೈಯ ಹುಡುಗಿಯರ ಚಿತ್ರಗಳು ಬರುತ್ತಿದ್ದವು. ಇಂದು ಜಪಾನೀ ಚಿತ್ರಕಥೆಯ ಕಣ್ಣುಗಳನ್ನು ಕಂಡು ಬೆರಗಾಗುವವರು ಅವುಗಳ ಮನೆತನವನ್ನು ಈ ಹಳೆಯ ಪತ್ರಿಕೆಗಳಲ್ಲಿ ಹುಡುಕಬೇಕು.

ಯುದ್ಧಾನಂತರದಲ್ಲಿ ಒಸಾಮು ತೆಜುಕಾ ಎಂಬ ಮಹಾಪ್ರತಿಭಾವಂತರು ೧೯೫೩ರಲ್ಲಿ ‘ರಿಬೋನ್ ನೊ ಕಿಶಿ’ ಎಂಬ ಕಥೆಯನ್ನು ಹುಡುಗಿಯರ ಪತ್ರಿಕೆಯೊಂದಕ್ಕೆ ಬರೆದರು. ಅದರಲ್ಲಿ ಹೆಣ್ಣಾಗಿ ಹುಟ್ಟಿ ರಾಜಕುಮಾರನ ವೇಷದಲ್ಲಿ ಬೆಳೆಯುವ ನಾಯಕಿಯೊಬ್ಬಳಿದ್ದಾಳೆ. ಆ ಕಾಲಕ್ಕೆ ಬಾಲಿಕೆಯರ ಕಥೆಗಳನ್ನು ಬರೆಯುತ್ತಿದ್ದವರಲ್ಲಿ ಬಹುಮಂದಿ ಗಂಡಸರು. ಅರುವತ್ತರ ದಶಕದಲ್ಲಿ ಸ್ಥಿತಿ ಬದಲಾಗತೊಡಗಿ, ಈ ಪತ್ರಿಕೆಗಳನ್ನು ಓದಿ ಬೆಳೆದ ತರುಣಿಯರೇ ಲೇಖನಿ ಹಿಡಿದರು. ಮೋತೊ ಹಾಗಿಯೊ, ಕೇಯ್ಕೊ ತಾಕೇಮಿಯಾ ಮೊದಲಾದವರು ಈ ಪೀಳಿಗೆಯವರು. ಇಕೇದಾ ಅವರೂ ಅದೇ ಕಾಲದವರು. ೧೯೪೭ರಲ್ಲಿ ಒಸಾಕಾದಲ್ಲಿ ಜನನ. ಟೋಕಿಯೋದಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ. ೧೯೬೭ರಲ್ಲಿ ಮೊದಲ ಕಥೆಯ ಪ್ರಕಟಣೆ. ಅರುವತ್ತರ ದಶಕದ ಕೊನೆಯಲ್ಲಿ ಜಪಾನಿನ ವಿಶ್ವವಿದ್ಯಾನಿಲಯಗಳನ್ನು ಅಲ್ಲಾಡಿಸಿದ ವಿದ್ಯಾರ್ಥಿ ಚಳವಳಿಯ ಬಿಸಿಯನ್ನು ಅವರು ಹತ್ತಿರದಿಂದ ಬಲ್ಲವರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಶಾಲಾದಿನಗಳಲ್ಲಿ ಅವರು ಸ್ಟೆಫಾನ್ ಜ್ವೈಗ್ ೧೯೩೨ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಮೇರಿ ಆಂತ್ವಾನೆಟಳ ಜೀವನಚರಿತ್ರೆಯನ್ನು ಓದಿದ್ದರು. ಜ್ವೈಗ್ ಆ ರಾಣಿಯನ್ನು ದೇವತೆಯನ್ನಾಗಿಯೂ ಮಾಡಲಿಲ್ಲ, ರಾಕ್ಷಸಿಯನ್ನಾಗಿಯೂ ಮಾಡಲಿಲ್ಲ. ಸಾಮಾನ್ಯ ಶಕ್ತಿಯ ಹೆಣ್ಣೊಬ್ಬಳು ದುರ್ದೈವದ ಪೆಟ್ಟಿನಿಂದಲೇ ದೊಡ್ಡವಳಾದ ಬಗೆಯನ್ನು ವರ್ಣಿಸಿದರು. ಇದನ್ನು ಚಿತ್ರಕಥೆಯಾಗಿ ಬರೆಯಬೇಕೆಂಬ ಹಂಬಲ ಇಕೇದಾ ಅವರಲ್ಲಿ ಬೇರೂರಿತು. ಆದರೆ ಹೆಂಗಸರು ಮಕ್ಕಳಿಗೆ ಇತಿಹಾಸ ರುಚಿಸದು ಎಂಬುದು ಆಗಿನ ಸಂಪಾದಕ ವರ್ಗದ ಖಚಿತ ಅಭಿಪ್ರಾಯವಾಗಿತ್ತೆಂದು ಅವರೇ ಮುಂದೆ ಹಲವು ಸಲ ಹೇಳಿದ್ದಾರೆ. ಕಥೆ ಗೆಲ್ಲುತ್ತದೆಂದು ಮಾತುಕೊಟ್ಟು, ಗೆಲ್ಲದಿದ್ದರೆ ಕೂಡಲೆ ನಿಲ್ಲಿಸುವುದೆಂಬ ಒಪ್ಪಂದದ ಮೇಲೆ ಅವರು ಪ್ರಾರಂಭಿಸಿದರು. ಜಪಾನಿನ ಈ ವಾರಪತ್ರಿಕೆಗಳಲ್ಲಿ ಓದುಗರ ಅಭಿಪ್ರಾಯ ತಿಳಿಯಲು ಅಂಚೆಕಾರ್ಡಿನ ಪದ್ಧತಿಯುಂಟು. ಯಾವ ಕಥೆ ಹಿಡಿಸಿತೆಂದು ಮಕ್ಕಳು ಬರೆದು ಕಳಿಸುತ್ತಾರೆ, ಹಿಡಿಸದ ಕಥೆ ನಿಂತುಹೋಗುತ್ತದೆ. ಇತಿಹಾಸ ತಮಗೆ ರುಚಿಸುವುದೋ ಇಲ್ಲವೋ ಎಂಬ ಪ್ರಶ್ನೆಗೆ ಹುಡುಗಿಯರೇ ವಾರವಾರವೂ ಉತ್ತರ ಕೊಟ್ಟರು. ಕ್ರಾಂತಿಯ ಕಥೆ ಒಂದೂವರೆ ವರ್ಷಕ್ಕೂ ಮಿಕ್ಕು ನಡೆಯಿತು. ಪುಸ್ತಕರೂಪದಲ್ಲಿ ಎರಡು ಕೋಟಿಗೂ ಮೇಲ್ಪಟ್ಟು ಪ್ರತಿಗಳು ಹೋಗಿವೆ ಎಂಬುದು ಈಗಿನ ಲೆಕ್ಕ.

ಇನ್ನು ಪುಸ್ತಕವನ್ನು ಕೈಗೆತ್ತಿಕೊಳ್ಳೋಣ. ಹೊಸಬರಿಗೆ ಮೊದಲ ತೊಡಕು ಬರುವುದು ಕಥೆಯಲ್ಲಲ್ಲ, ಪುಟದಲ್ಲಿ. ನಮ್ಮ ಪುಸ್ತಕಗಳ ಕೊನೆಯ ಪುಟವೆಲ್ಲಿದೆಯೋ ಅಲ್ಲಿ ಈ ಪುಸ್ತಕ ಪ್ರಾರಂಭವಾಗುತ್ತದೆ. ಪುಟದ ಚೌಕಗಳನ್ನು ಬಲದ ಮೇಲ್ತುದಿಯಿಂದ ಎಡಕ್ಕೆ, ಅನಂತರ ಕೆಳಕ್ಕೆ ಓದುತ್ತ ಹೋಗಬೇಕು; ಒಂದೊಂದು ಚೌಕದೊಳಗಿನ ಮಾತುಗಳನ್ನೂ ಹಾಗೆಯೇ. ಇಂಗ್ಲಿಷ್ ಅನುವಾದದಲ್ಲಿಯೂ ಈ ಕ್ರಮವನ್ನೇ ಉಳಿಸಿಕೊಂಡಿದ್ದಾರೆ. ಆದವಾನಿ, ರಾಯದುರ್ಗಗಳ ಕಡೆಯ, ತೆಲಂಗಾಣದ ಪಶ್ಚಿಮ ಸೀಮೆಯ ನಮ್ಮ ಮಿತ್ರರಿಗೆ ಇದೇನೂ ವಿಚಿತ್ರವಾಗಿ ತೋರಲಾರದು; ಪಕ್ಕದ ತರಗತಿಯಲ್ಲಿ ಉರ್ದು ವಾಚಕವನ್ನು ಮಕ್ಕಳು ಹಾಗೆಯೇ ತೆರೆಯುವುದನ್ನು ಅವರು ಕಂಡಿದ್ದಾರೆ. ಒಂದು ಹತ್ತು ಪುಟ ಓದುವಷ್ಟರಲ್ಲಿ ಕಣ್ಣು ಪಳಗುತ್ತದೆ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ನಮಗೆ ಪರಿಚಿತವಾದ ಚಿತ್ರಕಥೆಗಳಲ್ಲಿ ಒಂದು ಚೌಕಕ್ಕೆ ಒಂದು ಕ್ರಿಯೆ: ರಾಜ ಕತ್ತಿಯೆತ್ತಿದ, ರಾಕ್ಷಸ ಬಿದ್ದ. ಚಿತ್ರದ ಕೆಳಗೆ ಅದನ್ನೇ ಹೇಳುವ ಮಾತು. ಬಾಲಿಕೆಯರ ಮಂಗಾದಲ್ಲಿ ಎಷ್ಟೋ ವೇಳೆ ಹೊರಗಿನ ಕ್ರಿಯೆಯೇ ಇರುವುದಿಲ್ಲ. ಒಬ್ಬಳು ಬಾಗಿಲ ಬಳಿ ನಿಂತಿದ್ದಾಳೆ, ಅಷ್ಟೆ. ಆದರೆ ಚೌಕದ ಗೆರೆಗಳು ಅಳಿಸಿಹೋಗಿವೆ; ಆಕೆಯ ಆಕೃತಿ ತಲೆಯಿಂದ ಕಾಲಿನವರೆಗೆ ಪುಟದುದ್ದಕ್ಕೂ ಚಾಚಿದೆ; ಸುತ್ತಲೂ ಗುಲಾಬಿಗಳು ಅರಳಿವೆ. ಆ ಕೋಣೆಯಲ್ಲಿ ಗುಲಾಬಿಗಳಿಲ್ಲ. ಅಲ್ಲಿರುವುದು ಆಕೆಯ ಮನಸ್ಸು. ನಮ್ಮ ಅಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ಉದ್ದೀಪನ ವಿಭಾವವನ್ನು ಕವಿ ಮಾತಿನಿಂದ ಕಟ್ಟುವ ಬದಲು ಚಿತ್ರಗಾರ್ತಿ ರೇಖೆಯಿಂದ ಕಟ್ಟಿದ್ದಾಳೆ. ಬಾಯಿಂದ ಆಡಿದ ಮಾತು ಗುಳ್ಳೆಯಂಥ ಆವರಣದೊಳಗೆ ಇರುತ್ತದೆ. ಆಡದೆ ಉಳಿದ ಮಾತು ಆವರಣವಿಲ್ಲದೆ ಪುಟದ ಬಿಳುಪಿನಲ್ಲಿ ತೇಲುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ಓದಲು ಕಲಿತರೆ ಅರ್ಧ ವ್ಯಾಕರಣ ತಿಳಿದಂತೆ. ಕಣ್ಣುಗಳಲ್ಲಿ ನಕ್ಷತ್ರಗಳನ್ನು ಬರೆಯುವುದೂ, ಆಘಾತವಾದಾಗ ಪಾಪೆಯನ್ನೇ ಅಳಿಸಿ ಕಣ್ಣನ್ನು ಬರಿಯ ಬಿಳಿಯದಾಗಿ ಬಿಡುವುದೂ ಇದೇ ವ್ಯಾಕರಣದ ಸೂತ್ರಗಳು. ಮೊದಲು ನಗೆ ಬರುತ್ತದೆ. ಆದರೆ ಭರತನಾಟ್ಯದ ಹಸ್ತಮುದ್ರೆಗಳನ್ನು ಮೊದಲ ಸಲ ಕಂಡ ವಿದೇಶೀಯನಿಗೂ ನಗೆ ಬರುತ್ತಿತ್ತಲ್ಲವೆ?

ಕಥೆಗೆ ಬರೋಣ. ೧೭೫೫ರಲ್ಲಿ ಮೂರು ದೇಶಗಳಲ್ಲಿ ಮೂರು ಮಕ್ಕಳು ಹುಟ್ಟುತ್ತವೆ. ಒಬ್ಬಳು ಆಸ್ಟ್ರಿಯದ ರಾಜಕುಮಾರಿ ಮೇರಿ ಆಂತ್ವಾನೆಟ್. ಒಬ್ಬ ಸ್ವೀಡನ್ನಿನ ಕುಲೀನ ಫರ್ಸೆನ್. ಮೂರನೆಯವಳು ಫ್ರಾನ್ಸಿನ ಸೇನಾಧಿಪತಿ ಜಾರ್ಜೆ ಎಂಬವನ ಕಿರಿಯ ಮಗಳು. ಗಂಡು ಸಂತಾನವಿಲ್ಲದ ಆ ಸೇನಾಧಿಪತಿ ಈ ಮಗುವಿಗೆ ಆಸ್ಕರ್ ಎಂದು ಗಂಡಿನ ಹೆಸರಿಟ್ಟು, ಕತ್ತಿವರಸೆ ಕುದುರೆ ಸವಾರಿ ಕಲಿಸಿ, ಮಗನಂತೆ ಬೆಳೆಸುತ್ತಾನೆ. ಮೊದಲಿಬ್ಬರು ಇತಿಹಾಸದವರು, ಆಸ್ಕರ್ ಕೇವಲ ಕಲ್ಪನೆ. ಆಕೆ ರಾಜರಕ್ಷಕ ದಳದ ಅಧಿಕಾರಿಯಾಗಿ ಯುವರಾಣಿಯ ಪಕ್ಕದಲ್ಲಿ ನಿಲ್ಲುತ್ತಾಳೆ. ಮನೆಯ ದಾದಿಯ ಮೊಮ್ಮಗ ಆಂಡ್ರೆ ಬಾಲ್ಯದಿಂದಲೂ ಆಕೆಯ ಜೊತೆಗಾರ, ಹೆಸರಿಗೆ ಸೇವಕ.

ಮೊದಲ ಭಾಗದಲ್ಲಿ ಹಗುರವಾದ ಹಾಸ್ಯವೇ ಹೆಚ್ಚು. ಪಾತ್ರಗಳು ಥಟ್ಟನೆ ಪುಟ್ಟ ಬೊಂಬೆಗಳಂತಾಗಿ ಕುಣಿಯುವುದೂ ಉಂಟು. ಅಲ್ಲಿಗೇ ಪುಸ್ತಕವನ್ನು ಮುಚ್ಚಿಬಿಡಬಾರದೆಂದು ನಮ್ಮ ಸೂಚನೆ. ಆ ಭಾಗದಲ್ಲಿಯೇ ಒಂದು ಪ್ರಸಂಗ ಬಹು ಸೊಗಸಾಗಿದೆ. ಮುದುಕ ರಾಜ ಹದಿನೈದನೆಯ ಲೂಯಿಯ ಪ್ರೇಯಸಿ ದ್ಯು ಬಾರಿಯೊಡನೆ ಯುವರಾಣಿ ಮಾತನಾಡಲೊಲ್ಲಳು. ಆಸ್ಥಾನದ ಮರ್ಯಾದೆಯಂತೆ ಕೆಳಗಿನವರು ಮೇಲಿನವರನ್ನು ಮೊದಲು ಮಾತನಾಡಿಸಕೂಡದು. ಆದುದರಿಂದ ಯುವರಾಣಿ ಬಾಯಿ ತೆರೆಯುವವರೆಗೆ ಆ ಹೆಂಗಸಿಗೆ ಮಾನವಿಲ್ಲ. ವಿಯೆನ್ನಾದಿಂದ ತಾಯಿ ಪತ್ರ ಬರೆಯುತ್ತಾಳೆ, ರಾಯಭಾರಿಗಳು ಓಡಾಡುತ್ತಾರೆ, ಎರಡು ರಾಜ್ಯಗಳ ಮೈತ್ರಿ ಹುಡುಗಿಯೊಬ್ಬಳ ನಾಲಿಗೆಯ ತುದಿಯಲ್ಲಿ ತೂಗಾಡುತ್ತದೆ. ಕೊನೆಗೆ ೧೭೭೨ರ ಹೊಸ ವರ್ಷದ ದಿನ ಆಕೆ, ಇಂದು ವರ್ಸೇಲ್ಸಿನಲ್ಲಿ ಜನ ಬಹಳ ಎಂಬರ್ಥದ ಒಂದು ವಾಕ್ಯವನ್ನು ನುಡಿದು ಮುಗಿಸುತ್ತಾಳೆ. ಇದು ಇತಿಹಾಸದಲ್ಲಿ ನಡೆದುದೇ. ರಾಜಸತ್ತೆಯೆಂದರೆ ಏನು, ಆಸ್ಥಾನವೆಂದರೆ ಏನು ಎಂದು ಅರ್ಧ ಗಂಟೆ ಉಪನ್ಯಾಸ ಮಾಡುವ ಬದಲು ಈ ಕೆಲವು ಪುಟಗಳನ್ನು ತೋರಿಸಿದರೆ ಹದಿನಾಲ್ಕು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಮಾತು ಬಿಟ್ಟ ಗೆಳತಿಯರ ಜಗಳ ಆ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು.

೧೭೮೫ರ ವಜ್ರಹಾರದ ಹಗರಣದ ತರುವಾಯ ಬಣ್ಣ ಬದಲಾಗುತ್ತದೆ. ರಾಣಿಯ ಹೆಸರಿನಲ್ಲಿ ನಡೆದ ಆ ವಂಚನೆಯಲ್ಲಿ ರಾಣಿಯ ತಪ್ಪೇನೂ ಇರಲಿಲ್ಲ. ಆದರೆ ಜನ ಅದನ್ನು ನಂಬಲಿಲ್ಲ, ನಂಬದಿರಲು ಅವರಿಗೆ ಸಾಕಷ್ಟು ಕಾರಣಗಳಿದ್ದವು. ಇಕೇದಾ ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿದು ನಡೆಸುವ ರೀತಿ ಪ್ರಶಂಸನೀಯ. ಇತ್ತ ಆಸ್ಕರ್ ಅರಮನೆಯ ಹೊರಗೆ ನೋಡತೊಡಗುತ್ತಾಳೆ. ಪ್ಯಾರಿಸಿನ ಬಡಹುಡುಗಿ ರೋಸಲಿಯನ್ನು ಮನೆಗೆ ಕರೆತರುತ್ತಾಳೆ. ತಾನು ದಿನವೂ ಉಣ್ಣುವ ಸಾರು ಆ ಹುಡುಗಿಯ ಕೇರಿಯಲ್ಲಿ ಏನೆಂದು ತಿಳಿದುಕೊಳ್ಳುತ್ತಾಳೆ. ಅನಂತರ ತಾನಾಗಿಯೇ ಕೇಳಿಕೊಂಡು ರಾಜರಕ್ಷಕ ದಳವನ್ನು ಬಿಟ್ಟು ಫ್ರೆಂಚ್ ಗಾರ್ಡ್ ಎಂಬ ಸಾಮಾನ್ಯ ಸಿಪಾಯಿಗಳ ದಳಕ್ಕೆ ಬರುತ್ತಾಳೆ. ಆ ಸಿಪಾಯಿಗಳು ಹೆಣ್ಣಿನ ಆಜ್ಞೆಯನ್ನು ಕೇಳಲೊಲ್ಲರು. ಅವರಿಗೆ ಆಕೆಯ ಮೇಲಿನ ದ್ವೇಷ ಹೆಣ್ಣೆಂದಷ್ಟೇ ಅಲ್ಲ, ಹೊಟ್ಟೆ ತುಂಬಿದವಳೆಂದು. ಈ ಅಧ್ಯಾಯಗಳಲ್ಲಿ ರೇಖೆಗಳು ಗಟ್ಟಿಯಾಗುತ್ತವೆ, ಹಾಸ್ಯದ ಬೊಂಬೆಗಳು ಮಾಯವಾಗುತ್ತವೆ, ಗುಲಾಬಿಗಳೂ ಕಡಮೆಯಾಗುತ್ತವೆ. ವಾರಕ್ಕೊಂದು ಕಂತು ಬರೆಯುತ್ತಿದ್ದ ತರುಣಿಯೊಬ್ಬಳು ಬರೆಯುತ್ತ ಬರೆಯುತ್ತಲೇ ಬೆಳೆದುದನ್ನು ಓದುಗ ಕಣ್ಣಾರೆ ಕಾಣಬಹುದು.

೧೭೮೯ರ ಬೇಸಗೆ. ಜನಪ್ರತಿನಿಧಿಗಳನ್ನು ಸಭಾಂಗಣದಿಂದ ಬಲಾತ್ಕಾರವಾಗಿ ಹೊರದೂಡಬೇಕೆಂದು ಆಜ್ಞೆ ಬಂದಾಗ ಆಸ್ಕರ್ ಒಪ್ಪುವುದಿಲ್ಲ. ಮುಂದೆ ಪ್ಯಾರಿಸಿನ ಜನರ ಮೇಲೆ ದಳವನ್ನು ನಡೆಸಬೇಕಾದಾಗ ಆಕೆ ತನ್ನ ಪದವಿಯನ್ನೂ ಕುಲೀನತೆಯನ್ನೂ ಕಳಚಿಟ್ಟು ಜನರ ಕಡೆಗೆ ಸೇರುತ್ತಾಳೆ. ಜುಲೈ ೧೩ರಂದು, ಈ ವೇಳೆಗೆ ಆಕೆ ಪತಿಯೆಂದು ಒಪ್ಪಿಕೊಂಡಿದ್ದ, ಕಣ್ಣು ಬಹುಮಟ್ಟಿಗೆ ಮಂಜಾಗಿದ್ದ ಆಂಡ್ರೆ ಗುಂಡಿಗೆ ಬಲಿಯಾಗುತ್ತಾನೆ. ಮರುದಿನ ಬಾಸ್ಟೀಲ್ ಕೋಟೆಯ ಮುಂದೆ ಫಿರಂಗಿಗಳಿಗೆ ಆಜ್ಞೆ ಕೊಡುತ್ತಿರುವಾಗ ಆಸ್ಕರ್ ಬೀಳುತ್ತಾಳೆ. ಕೋಟೆ ಶರಣಾಯಿತೆಂಬ ಸುದ್ದಿ ಕಿವಿಗೆ ಬಿದ್ದ ಮೇಲೆ ಪ್ರಾಣ ಬಿಡುತ್ತಾಳೆ.

ನಮ್ಮಲ್ಲಿಯೂ ಗಂಡಿನಂತೆ ಬೆಳೆದ, ಕತ್ತಿ ಹಿಡಿದ ಹೆಣ್ಣುಗಳ ಕಥೆ ಇದೆ. ಮಣಿಪುರದ ಚಿತ್ರಾಂಗದೆಯಿಂದ ಹಿಡಿದು ಕೆಳದಿ, ಕಿತ್ತೂರುಗಳ ಚೆನ್ನಮ್ಮರವರೆಗೆ ಎಷ್ಟೋ ಹೆಸರುಗಳು ನೆನಪಾಗುತ್ತವೆ. ಆದರೆ ಆಸ್ಕರಳನ್ನು ಆ ಸಾಲಿನಲ್ಲಿ ನಿಲ್ಲಿಸಿದರೆ ಅರ್ಥ ಕೆಡುತ್ತದೆ. ನಮ್ಮ ರಾಣಿಯರು ತಮ್ಮ ನಾಡನ್ನು ಉಳಿಸಲು ಕತ್ತಿ ಎತ್ತಿದವರು. ಆಸ್ಕರ್ ತನ್ನ ಮನೆತನ, ತನ್ನ ರಾಣಿ, ತನ್ನ ತಂದೆಯ ಮಾತು ಇವುಗಳನ್ನು ಬಿಟ್ಟುಹೋಗಲು ಕತ್ತಿ ಎತ್ತಿದವಳು. ಅದೂ ಆ ರಾಣಿಯನ್ನು ಕೊನೆಯವರೆಗೂ ಪ್ರೀತಿಸುತ್ತ. ಕಥೆಯ ತಿರುಳು ಇರುವುದು ಇಲ್ಲಿಯೆಂದು ನಮ್ಮ ಮತ. ಗಂಡುವೇಷ ಆಕೆಗೆ ತಂದೆ ತೊಡಿಸಿದುದು. ಯಾವ ಪಕ್ಷದಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ ಆಕೆಯೇ ಆರಿಸಿಕೊಂಡಳು. ಪಠ್ಯಪುಸ್ತಕದಲ್ಲಿ ಕ್ರಾಂತಿಗೆ ಆರ್ಥಿಕ ಕಾರಣ, ಸಾಮಾಜಿಕ ಕಾರಣ, ತಾತ್ತ್ವಿಕ ಕಾರಣ ಎಂದು ಕಂಠಪಾಠ ಮಾಡಿಸುತ್ತೇವೆ. ಅವೆಲ್ಲ ನಿಜವೇ, ಆದರೆ ಒಬ್ಬ ಸಿಪಾಯಿ ಬಂದೂಕನ್ನು ಯಾರ ಕಡೆಗೆ ತಿರುಗಿಸಬೇಕೆಂದು ನಿಂತು ಯೋಚಿಸಿದ ಆ ಗಳಿಗೆ ಯಾವ ಪ್ರಶ್ನೋತ್ತರದಲ್ಲಿಯೂ ಬರುವುದಿಲ್ಲ. ಹುಡುಗಿಯರು ಕಾದು ಕುಳಿತು ಓದಿದುದು ಆ ಗಳಿಗೆಯನ್ನು.

ಉಪಾಧ್ಯಾಯರಾದ ನಮಗೆ ಇಲ್ಲಿ ಒಂದು ಕೆಲಸವಿದೆ: ಸತ್ಯವನ್ನೂ ಕಲ್ಪನೆಯನ್ನೂ ಬೇರ್ಪಡಿಸಿ ತೋರಿಸುವುದು. ಜಾರ್ಜೆ ಎಂಬ ಸೇನಾಧಿಕಾರಿ ಇತಿಹಾಸದಲ್ಲಿದ್ದಾನೆ. ೧೭೯೩ರ ಪ್ರಾರಂಭದಲ್ಲಿ ಸೆರೆಯಲ್ಲಿದ್ದ ರಾಣಿಯನ್ನು ಬಿಡಿಸಲು ಹೊಂಚುಹಾಕಿದವರಲ್ಲಿ ಒಬ್ಬ. ಆದರೆ ಅವನು ಹುಟ್ಟಿದುದು ೧೭೪೫ರಲ್ಲಿ. ೧೭೫೫ರಲ್ಲಿ ಮಗಳನ್ನು ಪಡೆಯುವುದು ಹತ್ತು ವರ್ಷದ ಬಾಲಕನಿಗೆ ಸಾಧ್ಯವಿಲ್ಲವಷ್ಟೆ! ಸೆರೆಮನೆಯಲ್ಲಿ ರಾಣಿಯ ಕೊನೆಯ ದಿನಗಳಲ್ಲಿ ಸೇವೆ ಮಾಡಿದ ರೋಸಲಿ ಎಂಬ ಹುಡುಗಿಯೂ ನಿಜವಾಗಿ ಇದ್ದವಳು. ಆಕೆಯ ಹಿಂದಿನ ಬಾಳನ್ನು ಇಕೇದಾ ಕಲ್ಪಿಸಿಕೊಂಡರು. ಆಸ್ಕರಳ ಸಮವಸ್ತ್ರ ಹದಿನಾರನೆಯ ಲೂಯಿಯ ಕಾಲಕ್ಕಿಂತ ನೆಪೋಲಿಯನ್ನನ ಕಾಲದ ಉಡುಪನ್ನು ಹೋಲುತ್ತದೆ. ಬಾಸ್ಟೀಲಿನ ಮುಂದೆ ಫ್ರೆಂಚ್ ಗಾರ್ಡಿನ ಸಿಪಾಯಿಗಳು ಜನರೊಡನೆ ಸೇರಿ ಫಿರಂಗಿ ತಂದುದು ಸತ್ಯ; ಅವರನ್ನು ನಡೆಸಿದವನು ಹಿಂದೆ ಸ್ವಿಸ್ ದಳದಲ್ಲಿದ್ದ ಹ್ಯುಲಿನ್ ಎಂಬವನು. ಮುತ್ತಿಗೆಯಲ್ಲಿ ಸುಮಾರು ನೂರು ಮಂದಿ ಜನರು ಸತ್ತರು. ಒಳಗೆ ಸಿಕ್ಕ ಕೈದಿಗಳು ಏಳೇ ಮಂದಿ. ಇಂಥ ಸಂಗತಿಗಳನ್ನು ಮಕ್ಕಳೇ ಗ್ರಂಥಾಲಯದಲ್ಲಿ ಹುಡುಕಿ ತರುವಂತೆ ಮಾಡಿದರೆ ಕಥೆಯೂ ಕೆಡದು, ಇತಿಹಾಸವೂ ಕೆಡದು.

ವರ್ಸೇಲ್ಸ್ ಎಂದೊಡನೆ ಕನ್ನಡಿಗರಿಗೆ ನೆನಪಾಗಬೇಕಾದ ಇನ್ನೊಂದು ವಿಷಯವನ್ನು ಇಲ್ಲಿ ಸೇರಿಸುವುದು ಅಪ್ರಸ್ತುತವಾಗದು. ಶ್ರೀರಂಗಪಟ್ಟಣದ ಟೀಪುಸುಲ್ತಾನನು ಇಂಗ್ಲಿಷರ ವಿರುದ್ಧ ನೆರವು ಕೋರಿ ಕಳುಹಿಸಿದ ಮೂವರು ರಾಯಭಾರಿಗಳು ೧೭೮೮ರ ಜೂನಿನಲ್ಲಿ ತುಲೋನ್ ಬಂದರಿನಲ್ಲಿ ಇಳಿದು, ಅದೇ ವರ್ಷ ಆಗಸ್ಟ್ ೧೦ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಎರಡು ದಿನಗಳ ಹಿಂದೆ, ಆಗಸ್ಟ್ ೮ರಂದು, ಅದೇ ಲೂಯಿ ಮುಂದಿನ ವರ್ಷ ಜನಪ್ರತಿನಿಧಿಗಳ ಮಹಾಸಭೆಯನ್ನು ಕರೆಯುವುದಾಗಿ ಒಪ್ಪಿಕೊಂಡಿದ್ದ. ಆರು ದಿನಗಳ ಮೇಲೆ, ಆಗಸ್ಟ್ ೧೬ರಂದು, ಖಜಾನೆ ಬರಿದಾಗಿ ಸರಕಾರದ ಪಾವತಿಗಳೇ ನಿಂತುಹೋದವು. ಸೈನ್ಯದ ನೆರವು ಸಿಕ್ಕದೆ ಆ ರಾಯಭಾರಿಗಳು ಹಿಂದಿರುಗಿದುದರಲ್ಲಿ ಆಶ್ಚರ್ಯವೇನಿದೆ? ಅವರಲ್ಲಿ ಒಬ್ಬನಾದ ಮಹಮ್ಮದ್ ದರ್ವೇಶ್ ಖಾನನ ನಿಲುವುಚಿತ್ರವನ್ನು ಬರೆದವಳು ವಿಜೆ ಲ ಬ್ರನ್ ಎಂಬ ಚಿತ್ರಗಾರ್ತಿ. ಕೈಯಲ್ಲಿ ಗುಲಾಬಿ ಹಿಡಿದು ನಿಂತಿರುವ ಮೇರಿ ಆಂತ್ವಾನೆಟಳ ೧೭೮೩ರ ಪ್ರಸಿದ್ಧ ಚಿತ್ರವೂ ಆಕೆಯದೇ. ಜಪಾನಿನ ಹುಡುಗಿಯರು ಕನಸಿನಲ್ಲಿ ಕಂಡ ಆ ಅರಮನೆಯ ಮೆಟ್ಟಿಲುಗಳನ್ನು ನಮ್ಮ ನಾಡಿನಿಂದ ಹೋದವರು ಹತ್ತಿಳಿದಿದ್ದರು.

ಕೃತಿಯ ಮುಂದಿನ ಬಾಳು ದೊಡ್ಡದು. ೧೯೭೪ರಲ್ಲಿ ತಕರಾಜುಕಾ ಎಂಬ ನಾಟಕ ಮಂಡಲಿ ಅದನ್ನು ರಂಗಕ್ಕೆ ತಂದಿತು. ೧೯೧೩ರಲ್ಲಿ ಸ್ಥಾಪಿತವಾದ ಈ ಮಂಡಲಿಯಲ್ಲಿ ನಟವರ್ಗವೆಲ್ಲ ಅವಿವಾಹಿತ ಸ್ತ್ರೀಯರೇ. ಗಂಡುಪಾತ್ರಗಳನ್ನೂ ಅವರೇ ವಹಿಸುತ್ತಾರೆ. ಯಕ್ಷಗಾನದ ಸ್ತ್ರೀವೇಷಧಾರಿಗಳನ್ನು ಕಂಡು ಬೆಳೆದ ಕಾಸರಗೋಡು ಸೀಮೆಯ ವಾಚಕರಿಗೆ ಇದು ಕನ್ನಡಿಯಲ್ಲಿ ಕಂಡ ಬಿಂಬದಂತೆ ತೋರೀತು: ಅಲ್ಲಿ ಗಂಡು ಹೆಣ್ಣಾಗುವ ಕಲೆ, ಇಲ್ಲಿ ಹೆಣ್ಣು ಗಂಡಾಗುವ ಕಲೆ. ಆ ಮೊದಲ ಪ್ರಯೋಗವನ್ನು ನಿರ್ದೇಶಿಸಿದವರು ಕಜುವೊ ಹಸೇಗಾವಾ ಎಂಬ ಚಲಚ್ಚಿತ್ರ ನಟರು. ಕಬುಕಿ ರಂಗದಲ್ಲಿ ಪಳಗಿ, ಸ್ತ್ರೀಪಾತ್ರಗಳಿಗೂ ಹೆಸರಾದವರು. ಹೆಣ್ಣಾಗಿ ನಟಿಸಬಲ್ಲ ಗಂಡಸೊಬ್ಬ, ಗಂಡಾಗಿ ಬೆಳೆದ ಹೆಣ್ಣಿನ ಪಾತ್ರವನ್ನು ಹೆಣ್ಣೊಬ್ಬಳಿಗೆ ಕಲಿಸಿದ ಆ ತಾಲೀಮನ್ನು ನೋಡುವಂತಿದ್ದರೆ ಎಷ್ಟು ಚೆನ್ನಾಗಿತ್ತು! ೧೯೭೯ರಲ್ಲಿ ಫ್ರಾನ್ಸಿನ ಜಾಕ್ ದೆಮಿ ಅವರ ಚಲಚ್ಚಿತ್ರವೂ, ಅದೇ ವರ್ಷ ಪ್ರಾರಂಭವಾದ ದೂರದರ್ಶನದ ನಲವತ್ತು ಕಂತುಗಳೂ ಬಂದವು. ೨೦೨೫ರಲ್ಲಿ ಇನ್ನೊಂದು ಚಲಿಸುವ ಚಿತ್ರರೂಪವೂ ಬಂದಿತು. ೨೦೦೯ರಲ್ಲಿ ಫ್ರೆಂಚ್ ಸರಕಾರ ಇಕೇದಾ ಅವರಿಗೆ ತನ್ನ ಲೀಜಿಯನ್ ಆಫ್ ಆನರ್ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅಷ್ಟರಲ್ಲಿ ಅವರು ನಲವತ್ತೇಳನೆಯ ವಯಸ್ಸಿನಲ್ಲಿ ಸಂಗೀತ ವಿದ್ಯಾಲಯ ಸೇರಿ ಪಾಶ್ಚಾತ್ಯ ಗಾಯನವನ್ನು ಅಭ್ಯಾಸ ಮಾಡಿ ವೇದಿಕೆಯೇರಿದ್ದರು. ನಿವೃತ್ತಿಯ ಲೆಕ್ಕ ಹಾಕುವ ವಯಸ್ಸಿನವರು ಈ ವಾಕ್ಯವನ್ನು ಎರಡು ಸಲ ಓದಬಹುದು.

ಕೃತಿಯಲ್ಲಿ ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಪ್ಯಾರಿಸಿನ ಹಸಿವಿಗಿಂತ 
ಅರಮನೆಯ ನಿಲುವಂಗಿಗಳು ಹೆಚ್ಚು ಪುಟಗಳನ್ನು ಪಡೆದಿವೆ. ರೊಬೆಸ್ಪಿಯರ್ ಮೊದಲಾದ ನಾಯಕರು ಬಂದು ಹೋಗುತ್ತಾರೆಯೇ ಹೊರತು ಬೆಳೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಸ್ಕರ್ ಸತ್ತ ಮೇಲಿನ ಭಾಗ ಅವಸರದ್ದು. ನಾಯಕಿ ಹೋದ ಮೇಲೆ ಕಥೆಯನ್ನು ಹತ್ತು ವಾರಗಳಲ್ಲಿ ಮುಗಿಸಬೇಕೆಂದು ಪತ್ರಿಕೆಯವರು ಗಡುವು ಹಾಕಿದರೆಂದು ಲೇಖಕಿಯೇ ತಿಳಿಸಿದ್ದಾರೆ. ಮೂಲ ಯೋಜನೆಯಲ್ಲಿ ನಾಯಕಿಯಾಗಿದ್ದವಳು ಮೇರಿ ಆಂತ್ವಾನೆಟ್. ಓದುಗರ ಒಲವು ಆಸ್ಕರಳ ಕಡೆಗೆ ಹರಿದುದರಿಂದ ರಾಣಿಯ ಸೆರೆ, ವಿಚಾರಣೆ, ವಧೆ ಇವುಗಳಿಗೆ ಉಳಿದುದು ಅಷ್ಟೇ ಜಾಗ. ಓದುಗರ ಅಂಚೆಕಾರ್ಡು ಕಥೆಯನ್ನು ಉಳಿಸಿದುದೂ ಹೌದು, ಅದರ ಕೊನೆಯನ್ನು ಕುಗ್ಗಿಸಿದುದೂ ಹೌದು. ಹಾಗಿದ್ದರೂ ತಲೆಗೂದಲು ನೆರೆತ ರಾಣಿ ನ್ಯಾಯಾಸ್ಥಾನದ ಮುಂದೆ ನಿಲ್ಲುವ ಪುಟಗಳಲ್ಲಿ ಜ್ವೈಗ್‌ನ ನೆರಳು ಚೆನ್ನಾಗಿ ಬಿದ್ದಿದೆ. ನಲವತ್ತು ವರ್ಷಗಳ ಮೇಲೆ, ೨೦೧೪ರಲ್ಲಿ, ಇಕೇದಾ ಕೆಲವು ಪಾತ್ರಗಳ ಬಗೆಗೆ ಹೊಸ ಕಥೆಗಳನ್ನು ಬರೆದು ಬೇರೆ ಸಂಪುಟವಾಗಿ ಪ್ರಕಟಿಸಿದರು. ಅವು ಮೊದಲ ಓದಿಗೆ ಬೇಡ.

ಪೂರ್ಣ ಇಂಗ್ಲಿಷ್ ಅನುವಾದಕ್ಕಾಗಿ ಜಗತ್ತು ಸುಮಾರು ಅರ್ಧ ಶತಮಾನ ಕಾಯಬೇಕಾಯಿತು. ೨೦೨೦ರ ಸುಮಾರಿಗೆ ಕೆನಡಾದ ಉಡಾನ್ ಸಂಸ್ಥೆಯವರು ಅದನ್ನು ಐದು ದಪ್ಪ ಸಂಪುಟಗಳಲ್ಲಿ ಹೊರತಂದರು. ಬೆಲೆ ಹಳ್ಳಿಯ ಶಾಲೆಯ ಗ್ರಂಥಭಂಡಾರಕ್ಕೆ ಎಟುಕುವಂಥದಲ್ಲ. ಎರಡು ಮೂರು ಶಾಲೆಗಳು ಕೂಡಿ ತರಿಸಿದರೆ ಸಾಧ್ಯವಾದೀತು. ತರಿಸಿದವರು ಮೊದಲನೆಯ ಸಂಪುಟವನ್ನು ಸಾವಧಾನವಾಗಿಯೂ ಮೂರನೆಯದನ್ನು ಬಿಡುವಿನ ದಿನವೂ ಓದಬೇಕು. ಅಲ್ಲಿಂದ ಮುಂದೆ ಕೈಬಿಡುವುದು ಕಷ್ಟ.

ಕಥೆ ಮುಗಿಯುವುದು ಫ್ರಾನ್ಸಿನಲ್ಲಲ್ಲ. ೧೭೯೧ರ ಜೂನ್ ೨೦ರ ರಾತ್ರಿ ರಾಜಕುಟುಂಬವನ್ನು ಪ್ಯಾರಿಸಿನಿಂದ ಗುಟ್ಟಾಗಿ ಹೊರಡಿಸಿ ಗಾಡಿಯನ್ನು ನಡೆಸಿದವನು ಫರ್ಸೆನ್. ಆ ಪಲಾಯನ ವರೆನ್ನಿನಲ್ಲಿ ಮುರಿದುಬಿತ್ತು, ರಾಣಿ ೧೭೯೩ರ ಅಕ್ಟೋಬರ್ ೧೬ರಂದು ಗಿಲೊಟಿನ್ನಿಗೆ ಹೋದಳು. ಅವನು ಸ್ವದೇಶಕ್ಕೆ ಹಿಂದಿರುಗಿ, ಜನರನ್ನು ದ್ವೇಷಿಸುತ್ತ, ಜನರಿಂದ ದ್ವೇಷಿತನಾಗಿ ಮುದುಕನಾದ. ೧೮೧೦ರಲ್ಲಿ ಸ್ಟಾಕ್‌ಹೋಮ್ ನಗರದ ಬೀದಿಯಲ್ಲಿ ರೊಚ್ಚಿಗೆದ್ದ ಗುಂಪು ಅವನನ್ನು ಹೊಡೆದು ಕೊಂದಿತು. ಅಂದೂ ಜೂನ್ ೨೦.